ಕಿರುಬೆರಳಿನಿಂದ ಜಾರಿದ ಕುಣಿಕೆಗಳು

ವಿದ್ಯಾ, ಸೃಷ್ಟಿ, ಮತ್ತು ಇನ್ನೂ ಓದಲು ಬಾರದ ಚಿನ್ನು,

ಹೋದ ವರ್ಷ ಆಶಾ ಕಾರ್ಯಕರ್ತೆ ರೇಣುಕಾ ಮನೆಗೆ ಬಂದು ವಿದ್ಯಾಗೂ ಸೃಷ್ಟಿಗೂ ಒಂದು ಗುಳಿಗೆ ನುಂಗಿಸಿದ್ದು ನೆನಪಿರಬೇಕು. ಜಂತಿನ ಗುಳಿಗೆ ಎಂದು ನಿಮ್ಮಪ್ಪ ಹೇಳಿದ. ಅದು ಜಂತಿನದಲ್ಲ. ನಿಮ್ಮ ಆಯಿಗೆ, ಅಂದರೆ ನನಗೆ, ಕುಷ್ಠರೋಗ ಬಂದಿತ್ತು. ನನ್ನ ಮಗ್ಗುಲಲ್ಲಿ ಮಲಗುತ್ತಿದ್ದ ನಿಮಗೆ ಅದು ತಾಕದಿರಲಿ ಎಂದು ಕೊಟ್ಟ ಗುಳಿಗೆ ಅದು.

ಈ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅಂದಿಲ್ಲ. "ಅದು" ಎಂದರು, "ಆ ಜಡ್ಡು" ಎಂದರು. ನಿಮ್ಮಪ್ಪ ಫೋನಿನಲ್ಲಿ "ಅವ್ವಗ ಚರ್ಮದ್ದು ಸ್ವಲ್ಪ ತ್ರಾಸ ಐತಿ" ಎಂದ. ಹೆಸರು ಹೇಳದೆ ಮುಚ್ಚಿಟ್ಟದ್ದು ಒಳಗೊಳಗೇ ಹಳಸಿ ನಾರುತ್ತದೆ. ಆ ವಾಸನೆ ನನಗೆ ಸಾಕಾಗಿದೆ. ನಾಲ್ಕು ಜನರ ನಡುವೆ ಬಾಯಿ ತೆರೆಯಲು ನನಗೆ ಬೆವರು ಬರುತ್ತದೆ, ನಿಮಗೆ ಗೊತ್ತು. ಹಾಳೆ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೆಣಿಗೆ ನನಗೆ ಬಂದದ್ದು ಉಗರಗೋಳದ ಸಾಲೆಯಲ್ಲಿ. ಕಲಿಸುವ ಶಿಕ್ಷಕಿಯನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅಕ್ಕೋರು ಹೆಣ್ಣುಮಕ್ಕಳನ್ನು ಜಗುಲಿಯ ಮೇಲೆ ಕೂಡಿಸಿ, ಉಲನ್ ದಾರವನ್ನು ಬಲಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ ತೋರುಬೆರಳ ಮೇಲಿಂದ ಕಡ್ಡಿಗೆ ಬಿಡಿಸುತ್ತಿದ್ದರು. ದಾರ ಬಿಗಿಯೋ ಸಡಿಲೋ ಎಂದು ಹೇಳುವುದು ಆ ಕಿರುಬೆರಳು, ಕಣ್ಣಲ್ಲ. ಕಣ್ಣು ಬೇರೆ ಕಡೆ ಇದ್ದರೂ ನಡೆಯುತ್ತದೆ. ನಾನು ಕುಕ್ಕರ್ ಸೀಟಿ ಎಣಿಸುತ್ತ, ಟಿ.ವಿ. ನೋಡುತ್ತ, ನಿಮ್ಮ ಜಗಳ ಬಿಡಿಸುತ್ತ ಹೆಣೆದವಳು.

ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದು ಅಲ್ಲೇ ನಿಲ್ಲುವುದಿಲ್ಲ. ಅದರ ಕೆಳಗಿನದು, ಅದರ ಕೆಳಗಿನದು ಎಂದು ಬಿಚ್ಚುತ್ತ ಏಣಿಯ ಹಾಗೆ ಇಳಿಯುತ್ತದೆ. ಗಾಬರಿಯಿಂದ ಜಗ್ಗಿದರೆ ಇನ್ನಷ್ಟು ಇಳಿಯುತ್ತದೆ. ಮೊದಲು ಜಾರಿದ ಕುಣಿಕೆಗೆ ಒಂದು ಪಿನ್ನು ಹಾಕಿ ನಿಲ್ಲಿಸಬೇಕು. ಆಮೇಲೆ ಕ್ರೋಶಾ ಕಡ್ಡಿಯನ್ನು ಅದರೊಳಗೆ ತೂರಿಸಿ, ಮೇಲೆ ಏಣಿಯ ಮೆಟ್ಟಿಲಿನಂತೆ ಅಡ್ಡ ನಿಂತ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಈಚೆಗೆ ಎಳೆಯಬೇಕು. ಒಂದು ಸಾಲು ಹತ್ತಿತು. ಹಾಗೇ ಮೇಲಿನ ತನಕ. ಒಂದು ಮೆಟ್ಟಿಲು ಬಿಟ್ಟರೂ ಅಲ್ಲಿ ಅಡ್ಡದಾರ ಜೋತು ಬಿದ್ದು ಕಾಣುತ್ತದೆ.

ಐವತ್ತು ವರ್ಷದಲ್ಲಿ ನನ್ನ ಕೈಯಿಂದ ಜಾರಿದ ಕುಣಿಕೆಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಆಮೇಲೆ ಬೀಳತೊಡಗಿದವು. ಬಿದ್ದದ್ದು ನನಗೆ ತಿಳಿಯುತ್ತಲೇ ಇರಲಿಲ್ಲ. ವಿದ್ಯಾ, ನಿನ್ನ ನೀಲಿ ಸ್ವೆಟರಿನ ಬೆನ್ನಲ್ಲಿ ಬೆರಳು ತೂರಿಸಿ ನೀನೇ ನಕ್ಕಿದ್ದೆ: "ಆಯಿ, ನೋಡ ಇಲ್ಲೆ, ಇಲಿ ಕಡದೈತಿ!"

"ಇಲಿ ಅಲ್ಲವಾ, ನನ್ನ ಕಣ್ಣು" ಎಂದೆ ನಾನು. ಸವದತ್ತಿಯಲ್ಲಿ ಕಣ್ಣಿನ ಶಿಬಿರಕ್ಕೆ ಹೋಗಿ ಚಷ್ಮಾ ತಂದೆ. ನಾನು ಕಣ್ಣು ಎಂದೆ, ಅವರು ಕಣ್ಣು ನೋಡಿದರು. ಬೆರಳಿನ ಮಾತು ಯಾರು ತೆಗೆದರು? ಚಷ್ಮಾ ಹಾಕಿಕೊಂಡು ಹೆಣೆದರೆ ಬಿದ್ದ ಕುಣಿಕೆ ಸ್ಪಷ್ಟ ಕಾಣುತ್ತಿತ್ತು, ಅಷ್ಟೇ.

ಇನ್ನೊಂದು ಮೂರ್ಖತನ ಹೇಳುತ್ತೇನೆ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವವರು ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುತ್ತೇವೆ. ಯಾರ ಕೈ ಹೆಚ್ಚು ಬಿಸಿ ತಾಳುತ್ತದೋ ಅವಳು ಗಟ್ಟಿ ಹೆಂಗಸು. ನನ್ನ ಬಲಗೈಗೆ ಬಿಸಿ ತಾಕುವುದೇ ನಿಂತಿತು. ರೊಟ್ಟಿಯ ಅಂಚನ್ನು ಕಿರುಬೆರಳಲ್ಲಿ ಒತ್ತಿ ಉಬ್ಬಿಸುತ್ತಿದ್ದೆ. ಪಕ್ಕದ ಮನೆಯ ನೀಲವ್ವ, ನನ್ನ ಮೈದುನನ ಹೆಂಡತಿ, ಬಾಗಿಲಲ್ಲಿ ನಿಂತು ತನ್ನ ಸೊಸೆಗೆ ಕೂಗಿ ತೋರಿಸುತ್ತಿದ್ದಳು: "ನೋಡ ಬಾರ ಇಲ್ಲೆ, ಅಕ್ಕನ ಕೈಗೆ ಬೆಂಕೀನ ಅಂಜತೈತಿ! ನಿಂದೊಂದ ಕೈ, ಬಿಸಿನೀರಿಗೂ ಅಳತೈತಿ."

ನನಗೆ ಹೆಮ್ಮೆ. ಸತ್ತ ಬೆರಳನ್ನು ಪಳಗಿದ ಬೆರಳು ಎಂದು ತಿಳಿದು ಮೆರೆದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ.

ರೇಣುಕಾ ಅದಕ್ಕೂ ಮೊದಲೇ ಒಮ್ಮೆ ಬಂದಿದ್ದಳು. ಮನೆಮನೆಗೆ ಹೋಗಿ ಮೈಮೇಲೆ ಮಚ್ಚೆ ಇದೆಯೇ ಎಂದು ನೋಡುವ ಕೆಲಸ ಅವಳದು. "ಆಯಿ, ಬೆನ್ನ ತೋರಸ್ರಿ, ಒಂದ ನಿಮಿಷ" ಎಂದಳು. ನನ್ನ ಬೆನ್ನಿನ ಮೇಲೆ ತಾಮ್ರದ ಬಣ್ಣದ ಒಂದು ಮಚ್ಚೆ ಇತ್ತು. ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ಬೆನ್ನನ್ನು ನಾನೂ ನೋಡಿಲ್ಲ, ಯಾರಿಗೂ ತೋರಿಸಿಲ್ಲ. ತೊಡೆಯ ಮೇಲಿನ ಹೆಣಿಗೆಯನ್ನು ಎದೆಗೆ ಒತ್ತಿ ಹಿಡಿದು "ಏನೂ ಇಲ್ಲವಾ, ಹೋಗು" ಎಂದೆ. ಮರುವರ್ಷ ಬಂದಾಗಲೂ ಅದೇ ಮಾತು. ಅವಳು ವಹಿಯಲ್ಲಿ ಏನೋ ಬರೆದುಕೊಂಡು ಹೋದಳು.

ನನ್ನ ಮಗಳು, ನಿಮ್ಮ ಸೋದರತ್ತೆ ಶೋಭಾ, ರಾಮದುರ್ಗದ ಮನೆಗೆ ಮದುವೆಯಾಗಿ ಏಳು ವರ್ಷಕ್ಕೆ ಬಸಿರಾದದ್ದು ಅದೆಲ್ಲ ಆದ ಮೇಲೆ. ಹೆರಿಗೆಗೆ ನಮ್ಮಲ್ಲಿಗೇ ಬರುವವಳು. ಬಾಣಂತನ ಮಾಡುವುದು, ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು ತವರಿನ ತಾಯಿಯ ಕೆಲಸ. ಏಳು ವರ್ಷ ನಾನು ಈ ಕೆಲಸಕ್ಕೆ ಕೈ ಕಾಯ್ದಿಟ್ಟುಕೊಂಡಿದ್ದೆ. ಕೂಸಿಗೆ ಬಿಳಿ ಉಲನ್ನಿನ ಟೊಪ್ಪಿಗೆ ಹೆಣೆಯಲು ಕೂತೆ. ದಾರ ಜಾರುತ್ತದೆಂದು ಕಿರುಬೆರಳಿಗೆ ಒಂದು ಸುತ್ತಿನ ಬದಲು ಮೂರು ಸುತ್ತು ಬಿಗಿದೆ.

ಸುನಂದಾ, ನಿಮ್ಮವ್ವ, ಕಸ ಹೊಡೆಯುತ್ತ ಹತ್ತಿರ ಬಂದವಳು ಮೂಗು ಮುಚ್ಚಿಕೊಂಡಳು. "ಅತ್ತೀ, ಏನ್ರಿ ಇದ ವಾಸನಿ? ಏನರ ಸತ್ತೈತೇನ ಇಲ್ಲೆ?"

ಸತ್ತದ್ದು ನನ್ನ ಬೆರಳು. ಹಂಚಿಗೆ ಸುಟ್ಟು ಬೊಕ್ಕೆ ಎದ್ದಿತ್ತು. ಅದರ ಮೇಲೆ ದಾರ ಬಿಗಿದು ಬೊಕ್ಕೆ ಒಡೆದು, ದಾರ ಮಾಂಸದೊಳಗೆ ಇಳಿದಿತ್ತು. ಬಿಳಿ ಟೊಪ್ಪಿಗೆಯ ಅಂಚಿನ ತುಂಬ ಹಳದಿ ಕೀವು, ಕಂದು ರಕ್ತ. ನನಗೆ ಒಂದು ಇರುವೆ ಕಚ್ಚಿದಷ್ಟೂ ತಿಳಿದಿರಲಿಲ್ಲ. ನಾನು ಆ ಟೊಪ್ಪಿಗೆಯನ್ನು ಒಲೆಗೆ ಹಾಕಿದೆ. ಉಣ್ಣೆ ಸುಟ್ಟ ನಾತ ಮನೆಯೆಲ್ಲ ತುಂಬಿತು. ಸುನಂದಾ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡು ಬಂದು, ಬಾಯಿ ತೊಳೆದು, ರೇಣುಕಾಗೆ ಫೋನ್ ಹಚ್ಚಿದಳು.

ಬೈಲಹೊಂಗಲದ ದವಾಖಾನೆಯಲ್ಲಿ ನಮ್ಮ ಪಾಳಿ ಬರುವ ತನಕ ನಾನು ಬೆಂಚಿನ ತುದಿಗೆ ಸರಿದು ಸರಿದು ಅರ್ಧ ಗಾಳಿಯಲ್ಲೇ ಕೂತಿದ್ದೆ. ಪಕ್ಕದವಳು ಎಲೆ ಅಡಿಕೆ ಮೆಲ್ಲುತ್ತ "ಏನಾಗೈತ್ರಿ ನಿಮಗ?" ಎಂದಳು. ಸೆರಗಿನಲ್ಲಿ ಕೈ ಸುತ್ತಿಕೊಂಡು "ಕಣ್ಣು" ಎಂದೆ.

ಡಾಕ್ಟರು ಸಣ್ಣ ವಯಸ್ಸಿನವರು. ನರ್ಸ್ ಚಾದರ ಅಡ್ಡ ಹಿಡಿದು ನನ್ನ ಬೆನ್ನಿನ ಮಚ್ಚೆಯನ್ನಷ್ಟೇ ಅವರಿಗೆ ತೋರಿಸಿದಳು; ಆ ಹೆಣ್ಣುಮಗಳ ಹೊಟ್ಟೆ ತಣ್ಣಗಿರಲಿ. ಡಾಕ್ಟರು ಮೊಣಕೈ ಸಂದಿಯಲ್ಲಿ ಬೆರಳಿಟ್ಟು ಒಂದು ನರ ಹೊರಳಿಸಿದರು. ಅದು ದಾರದಷ್ಟು ತೆಳ್ಳಗೆ ಇರಬೇಕಿತ್ತು, ಹೆಣಿಗೆ ಕಡ್ಡಿಯಷ್ಟು ದಪ್ಪ ಆಗಿತ್ತು. "ಆಯಿ, ಕಣ್ಣ ಮುಚ್ಚರಿ. ನಾ ಮುಟ್ಟಿದಾಗೆಲ್ಲ ಹೂಂ ಅನ್ರಿ" ಎಂದರು.

ಸಾಲೆಯ ಪರೀಕ್ಷೆಗೆ ಕೂತ ಹಾಗೆ ಆಯಿತು. ಫೇಲಾಗಬಾರದು. ಸ್ವಲ್ಪ ಹೊತ್ತು ಬಿಟ್ಟು "ಹೂಂ" ಎಂದೆ. ಮತ್ತೊಮ್ಮೆ "ಹೂಂ" ಎಂದೆ. ಮೂರನೆಯದು ಗಟ್ಟಿಯಾಗಿ.

"ಆಯಿ," ಎಂದರು ಅವರು ಮೆಲ್ಲಗೆ, "ನಾ ಇನ್ನಾ ಮುಟ್ಟೇ ಇಲ್ರಿ."

ಸುನಂದಾ ಕಿಸಕ್ಕನೆ ನಕ್ಕಳು. ನಕ್ಕು ಅತ್ತಳು. ಆಮೇಲೆ ಅವರು ಮುಟ್ಟಿದರಂತೆ. ಅದು ನನಗೆ ತಿಳಿಯಲಿಲ್ಲ.

ರೋಗದ ಹೆಸರನ್ನು ಅವರು ನೆಗಡಿ ಎಂದಷ್ಟು ಸಲೀಸಾಗಿ ಹೇಳಿದರು. ವರ್ಷ ಗುಳಿಗೆ, ಗುಣವಾಗುತ್ತದೆ, ಗುಳಿಗೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹತ್ತುವ ಅಂಜಿಕೆ ಇಲ್ಲ ಎಂದರು. "ಮಚ್ಚಿ ಹೋಗತೈತ್ರಿ. ಬೆರಳಿಂದ ಹೇಳಾಕ ಆಗೂದಿಲ್ಲ. ಯಾವಾಗಿನಿಂದ ಜೋಮ ಹಿಡದೈತಿ?" ಎಂದು ಕೇಳಿದರು. ನನಗೆ ಹೇಳಲಾಗಲಿಲ್ಲ.

ಬಸ್ಸಿನಲ್ಲಿ ಬರುವಾಗ ನನಗೆ ನೆನಪಾದದ್ದು ಉಗರಗೋಳ. ಹುಣ್ಣಿವೆಗೆ ದೇವಿಯ ಗುಡ್ಡ ಹತ್ತುವ ದಾರಿಯ ಬದಿಗೆ ಕೈಕಾಲಿಗೆ ಅರಿವೆ ಸುತ್ತಿಕೊಂಡು ಒಬ್ಬ ಹೆಂಗಸು ಕೂಡುತ್ತಿದ್ದಳು. ಅವ್ವ ನನ್ನ ಕೈಯಲ್ಲಿ ಹೋಳಿಗೆ ಕೊಟ್ಟು "ಮ್ಯಾಲಿಂದ ಒಗಿ, ಮುಟ್ಟಬ್ಯಾಡ" ಎಂದಳು. ನಾನು ಅವಳ ತಾಟಿಗೆ ಎಸೆದೆ. ಅದು ತಾಟಿಗೆ ಬೀಳದೆ ಮಣ್ಣಿಗೆ ಬಿತ್ತು. ಅವಳು ಮಣ್ಣು ಝಾಡಿಸಿ ತಿಂದಳು. ನಾನು ಉಗುಳಿದೆ. ಏಳೆಂಟು ವರ್ಷದ ಹುಡುಗಿ, ಹೇಸಿಗೆ ನೋಡಿದರೆ ಉಗುಳಬೇಕೆಂದು ಅಷ್ಟರಲ್ಲೇ ಕಲಿತಿದ್ದೆ.

ಮನೆಗೆ ಬಂದ ಮೇಲೆ ನಿಮ್ಮಪ್ಪ ಹೊಸ ತಾಟು, ಹೊಸ ಲೋಟ, ಹೊಸ ಚಾಪೆ ತಂದ. ನನಗೆ ಏನೋ ಉಡುಗೊರೆ ಕೊಟ್ಟ ಹಾಗೆ ಮುಂದೆ ಇಟ್ಟ. "ಅವ್ವಾ, ನೀ ಇನ್ನ ಆರಾಮ ಕೂಡು. ಅಡಗಿಮನಿ ಕಡೆ ಬರಬ್ಯಾಡ, ದಣಿವಾಗತೈತಿ." ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಸುನಂದಾ ಹೇಳಿದಳು. ಅವನು ಕೇಳಿಸಿಕೊಂಡ. ತಾಟು ಮಾತ್ರ ಬೇರೆಯೇ ಉಳಿಯಿತು. ನನ್ನ ಮಗ ಕೆಟ್ಟವನಲ್ಲ, ನಿಮ್ಮಪ್ಪನ ಮೇಲೆ ಸಿಟ್ಟು ಮಾಡಬೇಡಿ. ಆದರೆ ಬೆಲ್ಲದಲ್ಲಿ ಸುತ್ತಿ ಕೊಟ್ಟ ಹೇಸಿಕೆ ಗಂಟಲಲ್ಲಿ ಇಳಿಯುವುದಿಲ್ಲ. ಸಿಹಿ ನಾಲಿಗೆಯಲ್ಲಿ ಕರಗುತ್ತದೆ, ಹೇಸಿಕೆ ಉಳಿಯುತ್ತದೆ.

ರಾಮದುರ್ಗದ ಬೀಗತಿಯದೂ ಅದೇ ಬೆಲ್ಲ. ಫೋನು ಮಾಡಿ, "ಬಾಣಂತನ ನಾವ ಇಲ್ಲೇ ಮಾಡಸ್ತೀವ್ರಿ ಬೀಗ್ತಿ. ನಿಮಗ ಮೊದಲ ಆರಾಮಿಲ್ಲ, ಮತ್ತ್ಯಾಕ ತ್ರಾಸ?" ಎಂದರು. ಹಿಂದೆ ಶೋಭಾ ಅಳುವುದು ಕೇಳುತ್ತಿತ್ತು. ನಾನು "ಹೂಂನ್ರಿ" ಎಂದೆ. ಏಳು ವರ್ಷ ಕಾಯ್ದ ಕೂಸನ್ನು ಒಂದು ಹೂಂನಲ್ಲಿ ಬಿಟ್ಟುಕೊಟ್ಟೆ. ಕೂಸನ್ನು ಎತ್ತಿಕೊಳ್ಳಲು ನನಗೆ ಎಂದಾದರೂ ಬಿಡುತ್ತಾರೆಯೇ ಎಂಬುದೊಂದೇ ಆ ವರ್ಷವೆಲ್ಲ ನನ್ನ ತಲೆಯಲ್ಲಿ ಸುತ್ತಿದ್ದು. ಗುಣವಾಗುವುದು ಬಿಡುವುದು ಎಲ್ಲ ಅದರ ಹಿಂದೆ.

ಗುಳಿಗೆ ನುಂಗಿದ ಮೊದಲ ದಿನ ಮೂತ್ರ ಕೆಂಪಗೆ ಬಂತು. ಬಚ್ಚಲಲ್ಲಿ ಕಿರುಚಿದೆ. ಸುನಂದಾ ಬಾಗಿಲಾಚೆಯಿಂದ, "ಹೆದರಬ್ಯಾಡ್ರಿ ಅತ್ತಿ, ಹಂಗ ಆಗತೈತಂತ ರೇಣುಕಾ ಹೇಳ್ಯಾಳ. ನೀರ ಜೋರ ಹೊಡೀರಿ, ನನಗ ನೋಡಾಕ ಆಗೂದಿಲ್ಲ" ಎಂದಳು. ಬರಬರುತ್ತ ಮುಖ ಕರ್ರಗಾಯಿತು, ಚರ್ಮ ಮೀನಿನ ಹುರುಪೆಯ ಹಾಗೆ ಎದ್ದಿತು. ನರದ ಊತಕ್ಕೆ ಕೊಟ್ಟ ಬೇರೆ ಗುಳಿಗೆಯಿಂದ ಗಲ್ಲ ಊದಿತು, ಹಾಳು ಹಸಿವು. ಕನ್ನಡಿಯಲ್ಲಿ ಯಾರೋ ಉಬ್ಬಿದ ಕರಿ ಹೆಂಗಸು ರೊಟ್ಟಿ ಅಗಿಯುತ್ತಿದ್ದಳು. ನನಗೆ ಅವಳು ಸೇರಲಿಲ್ಲ.

ಸುನಂದಾ ದಿನಾ ನನ್ನ ಬೆರಳಿನ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ. ಒಂದು ದಿನ ನಾನು "ಬ್ಯಾಡ ಬಿಡವಾ, ನಿನಗ ಹೇಸಿಕಿ" ಎಂದೆ.

"ಹೌದ್ರಿ, ಹೇಸಿಕಿ ಬರತೈತಿ. ಸುಳ್ಳ್ಯಾಕ ಹೇಳ್ಲಿ? ಸೃಷ್ಟಿ ಸಣ್ಣಾಕಿ ಇದ್ದಾಗ ಅಕಿ ಕುಂಡಿ ತೊಳ್ಯಾಕೂ ನನಗ ಹೇಸಿಕೀನ ಬರತಿತ್ತು. ತೊಳದೆ ಇಲ್ಲೋ? ಕೈ ಚಾಚ್ರಿ, ಅಳ್ಳಾಡಬ್ಯಾಡ್ರಿ."

ನಾನು ಕೈ ಚಾಚಿದೆ. ಆ ಮಾತಿನಷ್ಟು ಸಮಾಧಾನ ನನಗೆ ಯಾವ ಗುಳಿಗೆಯೂ ಕೊಡಲಿಲ್ಲ.

ಸುದ್ದಿ ಹೇಗೆ ಹೊರಬಿತ್ತೋ ತಿಳಿಯದು. ಒಂದು ಮುಂಜಾನೆ ಹಿತ್ತಲ ಗೋಡೆಯ ಮೇಲಿಂದ ಗೊಬ್ಬರದ ಚೀಲವೊಂದು ನಮ್ಮ ಕಡೆ ಧಪ್ಪನೆ ಬಿತ್ತು. ಬಾಯಿಗೆ ಸೆಣಬಿನ ಹುರಿ ಕಟ್ಟಿತ್ತು. ಒಳಗೆ ನಾನು ನೀಲವ್ವನ ಮೊಮ್ಮಕ್ಕಳಿಗೆ ವರ್ಷ ವರ್ಷ ಹೆಣೆದು ಕೊಟ್ಟ ಸ್ವೆಟರುಗಳು, ಏಳು. ಗೋಡೆಯಾಚೆ ನೀಲವ್ವ ಕೆಮ್ಮಿದಳು. ಯೂರಿಯಾದ ವಾಸನೆ ಹೊಡೆಯುತ್ತಿತ್ತು ಅವಕ್ಕೆ. ನನಗೂ ಅವಳಿಗೂ ಒಂದೇ ಮದುವೆ ಹಂದರದಲ್ಲಿ ಅಕ್ಕಿಕಾಳು ಬಿದ್ದಿದ್ದವು, ಒಂದೇ ಬಾವಿಯ ನೀರು ಹೊತ್ತವರು ನಾವು.

"ಕೊಡ್ರಿ, ಸುಟ್ಟ ಬಿಡೂಣು" ಎಂದಳು ಸುನಂದಾ ಸಿಟ್ಟಿನಿಂದ.

"ಬ್ಯಾಡ, ತಡಿ" ಎಂದೆ. ಅವನ್ನು ಕುದಿಯುವ ನೀರಿಗೆ ಹಾಕಿದರೆ ಕುಗ್ಗುತ್ತವೆ. ತಣ್ಣೀರಲ್ಲಿ ತೊಳೆಸಿ ಪಡಸಾಲೆಯಲ್ಲಿ ಸಾಲಾಗಿ ಹಾಸಿದೆ. ಹಾಸುವಾಗ ಯಾವುದು ಯಾವ ವರ್ಷದ್ದು ಎಂದು ತಾನೇ ಜೋಡಣೆಯಾಯಿತು. ಇದು ಅವಳ ದೊಡ್ಡ ಮೊಮ್ಮಗ ನಡೆಯಲು ಕಲಿತಾಗಿನದು, ಇದು ಅಂಗನವಾಡಿಗೆ ಹೋದಾಗಿನದು, ಇದು ಹಲ್ಲು ಬಿದ್ದಾಗಿನದು. ಮೊದಲ ನಾಲ್ಕು ನುಣುಪಾಗಿ ಇದ್ದವು. ಐದನೆಯದರ ತೋಳಿನಲ್ಲಿ ಒಂದು ಕುಣಿಕೆ ಜಾರಿತ್ತು. ಆರನೆಯದರಲ್ಲಿ ಮೂರು. ಏಳನೆಯದು ಜಾಳಿಗೆಯಾಗಿತ್ತು. ಆ ಮಕ್ಕಳು ಅದನ್ನೂ ಹಾಕಿಕೊಂಡು ತಿರುಗಿದ್ದವು, ಒಂದು ಮಾತು ಅಂದಿರಲಿಲ್ಲ.

ನಾನು ನಾಲ್ಕನೆಯದನ್ನು ಕೈಗೆ ತೆಗೆದುಕೊಂಡೆ. ಕೆಂಪು, ಎದೆಗೆ ಎರಡು ಹಳದಿ ಪಟ್ಟಿ. ರೇಣುಕಾ ಮೊದಲ ಸಲ ಬಂದಾಗ ನಾನು ಎದೆಗೆ ಒತ್ತಿಕೊಂಡಿದ್ದ ಹೆಣಿಗೆ ಇದೇ. ಹಳದಿ ಪಟ್ಟಿ ಆ ದಿನ ಶುರುಮಾಡಿದ್ದೆ. ಇದರಲ್ಲಿ ಒಂದು ಕುಣಿಕೆಯೂ ಬಿದ್ದಿಲ್ಲ. ಅಂದರೆ ಅವಳು ಬೆನ್ನು ತೋರಿಸಿ ಎಂದ ದಿನ ನನ್ನ ಬೆರಳು ಜೀವಂತ ಇತ್ತು. ತೋರಿಸಿದ್ದರೆ ಮಚ್ಚೆಯಷ್ಟರಲ್ಲೇ ಮುಗಿಯುತ್ತಿತ್ತು. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಮುಂದೆ ನೆಲದ ಮೇಲೆ ಒಣಗುತ್ತಿತ್ತು.

ಅಷ್ಟು ದಿನ ನನಗೆ ರೋಗದ ಮೇಲೆ, ನೀಲವ್ವನ ಮೇಲೆ, ಬೀಗತಿಯ ಮೇಲೆ ಅಸಹ್ಯ. ಆ ದಿನ ನನ್ನ ನಾಚಿಕೆಯ ಮೇಲೆ ಬಂದ ಅಸಹ್ಯದ ಮುಂದೆ ಅವೆಲ್ಲ ಏನೂ ಅಲ್ಲ. ಮರ್ಯಾದಸ್ಥ ಹೆಂಗಸು ಎಂದು ಊರೆಲ್ಲ ಹೊಗಳಿದ ನಾಚಿಕೆ ಅದು. ಬೆರಳು ತಿಂದಿತು. ಹುಡುಗಿಯರೇ, ನಿಮ್ಮ ಮೈಯಲ್ಲಿ ಏನಾದರೂ ಆದರೆ ತೋರಿಸಿ. ಯಾರಿಗೆ ತೋರಿಸಬೇಕೋ ಅವರಿಗೆ ಅವತ್ತೇ ತೋರಿಸಿ. ಈ ಒಂದು ಮಾತನ್ನು ಬೈಗುಳವೆಂದು ತಿಳಿದರೂ ಸರಿ.

ಮರುದಿನ ಸುನಂದಾ ಆ ಸ್ವೆಟರುಗಳನ್ನು ಸರಿ ಮಾಡುವುದು ಕಲಿಸಿ ಎಂದಳು. ಕೈ ಅವಳದು, ಬಾಯಿ ನನ್ನದು. ಮೊದಲ ಕುಣಿಕೆಯನ್ನು ಅವಳು ತಿರುವಿ ಸಿಕ್ಕಿಸಿದಳು, ಅದು ಸೊಟ್ಟ ನಿಂತಿತು. "ಬಿಚ್ಚು" ಎಂದೆ. ಮತ್ತೆ ಸೊಟ್ಟ. "ಬಿಚ್ಚು." ಮೂರನೆಯ ಸಲ ಅವಳು ಕ್ರೋಶಾ ಕಡ್ಡಿ ನೆಲಕ್ಕೆ ಕುಕ್ಕಿ, "ಅಕ್ಕೋರ, ಛಡಿ ಏಟ ಹಾಕ್ರಿ ಒಂದ, ಅದೊಂದ ಬಾಕಿ ಐತಿ" ಎಂದಳು. ತಿಂಗಳುಗಳ ಮೇಲೆ ನಾನು ನಕ್ಕದ್ದು ಆಗ. ಏಣಿಯ ಮೇಲಿನ ತುದಿಗೆ ಬಂದ ಕುಣಿಕೆಗೆ ಅದೇ ಬಣ್ಣದ ದಾರ ಪೋಣಿಸಿ ಹಿಂದಿನಿಂದ ಗಂಟು ಹಾಕಿದೆವು. ಕುಣಿಕೆಯೇನೋ ಮೇಲೆ ಬಂತು. ಆದರೆ ಬಿದ್ದು ಎದ್ದ ಸಾಲು ಪಕ್ಕದ ಸಾಲುಗಳಿಗಿಂತ ಸ್ವಲ್ಪ ಬಿಗಿಯಾಗಿ ಉಳಿಯಿತು. ತೊಳೆದರೂ ಹೋಗಲಿಲ್ಲ. ದವಾಖಾನೆಯಲ್ಲಿ ಧೈರ್ಯ ಹೇಳುವ ಹೆಣ್ಣುಮಗಳೊಬ್ಬರು ಇದನ್ನು ಕೇಳಿ, ಬದುಕೂ ಹೆಣಿಗೆಯ ಹಾಗೆ ಅಲ್ಲವೇ ಅಜ್ಜಿ ಎಂದರು. ಅಲ್ಲ. ಸ್ವೆಟರು ನೋಯುವುದಿಲ್ಲ, ನಾರುವುದಿಲ್ಲ.

ಏಳನ್ನೂ ನೀಲವ್ವನ ಕೈಗೆ ಸಿಗುವಂತೆ ಹಿತ್ತಲ ಗೋಡೆಯ ಮೇಲೆ ಹಾಕಿದೆವು. ಮೂರು ದಿನ ಇದ್ದವು. ನೀಲವ್ವ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ದಿನ ಸುನಂದಾ ಒಳಗೆ ತಂದು ದೊಡ್ಡ ಎರಡನ್ನು ನಿಮಗೆ ಹಾಕಿದಳು. ಸೃಷ್ಟಿ, ನಿನ್ನ ಹಸಿರು ಸ್ವೆಟರು ಎಲ್ಲಿಂದ ಬಂತೆಂದು ನೀನು ಕೇಳುತ್ತಿದ್ದೆ.

ನಾನು ಹೆಣೆಯುವುದನ್ನು ಮತ್ತೆ ಶುರುಮಾಡಿದ್ದು ಹೀಗೆ: ದಾರವನ್ನು ಕಿರುಬೆರಳಿಗೆ ಸುತ್ತದೆ, ಎಡ ಹೆಗಲ ಮೇಲೆ ಸೆರಗಿಗೆ ಹಾಕಿದ ಪಿನ್ನಿನೊಳಗಿಂದ ಹಾಯಿಸಿ ಕಡ್ಡಿಗೆ ತರುತ್ತೇನೆ. ದಾರ ಬಿಗಿಯಾದರೆ ಹೆಗಲಿಗೆ ತಿಳಿಯುತ್ತದೆ. ಪ್ರತಿ ಸಾಲು ಮುಗಿದ ಮೇಲೆ ಕುಣಿಕೆ ಎಣಿಸುತ್ತೇನೆ. ಹಾಗೆ ಒಂದು ಟೊಪ್ಪಿಗೆ ಹೆಣೆದು, ಚಿನ್ನು ಹುಟ್ಟಿದ ಮೇಲೆ ರಾಮದುರ್ಗಕ್ಕೆ ಕಳಿಸಿದೆ. ಅದು ಕೂಸಿನ ತಲೆ ಮುಟ್ಟಿತೋ ಇಲ್ಲವೋ ನಾನು ಕೇಳಿಲ್ಲ. ಇನ್ನೂ ಕೇಳಿಲ್ಲ. ತೊಟ್ಟಿಲಿಗೆ ಹಾಕುವ ದಿನ ನಿಮ್ಮಪ್ಪ ಒಬ್ಬನೇ ಹೋಗಿ ಬಂದ.

ವರ್ಷದ ಗುಳಿಗೆ ಮುಗಿಯಿತು. ಮಚ್ಚೆ ಮಾಸಿತು. ಉಂಗುರದ ಬೆರಳಿಗೆ ಅರ್ಧ ಜೀವ ಬಂದಿದೆ. ಕಿರುಬೆರಳು ಕೊಕ್ಕೆಯಾಗಿ ನಿಂತಿದೆ, ಇನ್ನು ಹಾಗೇ ಇರುತ್ತದೆ. ತಾಟು ಬೇರೆ ಇಡುವುದನ್ನು ನಿಮ್ಮಪ್ಪ ಯಾವಾಗ ಬಿಟ್ಟನೋ ಅವನಿಗೂ ನೆನಪಿರಲಿಕ್ಕಿಲ್ಲ.

ಈ ಸಲ ನಾಗರ ಪಂಚಮಿಗೆ ಶೋಭಾ ಬಂದಳು. ಬೀಗತಿಯೂ ಜೊತೆಗೆ ಬಂದರು, ಅವಳನ್ನು ಬಿಟ್ಟು ಅದೇ ಗಾಡಿಯಲ್ಲಿ ತಿರುಗಿ ಹೋಗುವ ಮಾತು. ಗುಳಿಗೆ ಮುಗಿದದ್ದು ಅವರಿಗೆ ಗೊತ್ತಿತ್ತು. ಆದರೂ ಕಂಬಕ್ಕೆ ಒರಗಿ ತುದಿಯಲ್ಲಿ ಕೂತರು. ಸುನಂದಾ ಕೊಟ್ಟ ನೀರು ಪಕ್ಕದಲ್ಲಿ ಹಾಗೇ ಇತ್ತು. ಚಾ ಬೇಡ, ಈಗಷ್ಟೇ ಕುಡಿದು ಬಂದೆ ಎಂದರು. ನಾನು ಬಾಗಿಲ ಬಳಿ ಸೆರಗಿನೊಳಗೆ ಎರಡೂ ಕೈ ಅಡಗಿಸಿ ಕೂತಿದ್ದೆ. ಯಾರೂ ಬೇಡ ಎಂದಿರಲಿಲ್ಲ. ಆದರೂ ಮುಂದೆ ಬಂದು ಕೂಸನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಶೋಭಾ ಯಾರನ್ನೂ ಕೇಳಲಿಲ್ಲ. ಬಂದು ಚಿನ್ನುವನ್ನು ನನ್ನ ತೊಡೆಯ ಮೇಲೆ ಧೊಪ್ಪನೆ ಕೂಡಿಸಿ, "ಹಿಡೀವಾ, ನಾ ಕಾಲ ತೊಳ್ಕೊಂಡ ಬರತೇನಿ" ಎಂದು ಹಿತ್ತಲಿಗೆ ನಡೆದಳು. ಕೈ ಹೊರಗೆ ಬರಲೇಬೇಕಾಯಿತು. ಒಂಬತ್ತು ತಿಂಗಳ ಕೂಸು, ಭಾರ ಇತ್ತು. ಬೀಗತಿ ಮುಂದಕ್ಕೆ ಬಾಗಿದ್ದನ್ನು ನೋಡಿದೆ, ಏನೋ ಹೇಳಲು ಬಾಯಿ ತೆರೆದದ್ದನ್ನೂ ನೋಡಿದೆ.

ಅಷ್ಟರಲ್ಲಿ ನನ್ನ ತೊಡೆ ಬೆಚ್ಚಗಾಯಿತು. ಹಲ್ಲು ಬರುವ ಕೂಸಿನ ಹಸಿರು ಭೇದಿ. ಚಡ್ಡಿಯಿಂದ ಇಳಿದು ನನ್ನ ಸೀರೆಯ ಮೇಲೆ, ನೆಲದ ಮೇಲೆ, ಅದರ ಕಾಲಿನ ಮೇಲೆ. ಅದು ಆ ಕಾಲನ್ನೇ ಬಡಿದು ನಗತೊಡಗಿತು.

"ಇಸ್ಸಿ! ಇಸ್ಸಿ, ಇಸ್ಸಿ!" ಬೀಗತಿ ಎದ್ದು ಓಡಿ ಬಂದರು. "ಏನ್ ಹೊಲಸ ಮಾಡಿದ್ಯೋ ಭಾಡ್ಯಾ! ಪಂಚಮಿ ದಿನಾನ ಆಯಿ ಸೀರಿ ಕೆಡಿಸಿದೇನ? ತರ್ರಿ ಬೀಗ್ತಿ, ಕೊಡ್ರಿಲ್ಲೆ, ಇನ್ನ ಬಾಯಾಗ ಇಟ್ಗೋತೈತಿ!"

ನನ್ನ ಕೈಗಳ ಮೇಲೇ ಕೈ ಹಾಕಿ ಕೂಸನ್ನು ಎತ್ತಿದರು. ಬಚ್ಚಲಲ್ಲಿ ಅವರು ಹಿಡಿದರು, ನಾನು ತಂಬಿಗೆಯಿಂದ ನೀರು ಸುರಿದೆ. ಬಿಸಿ ಹೆಚ್ಚಿದ್ದರೆ ನನಗೆ ತಿಳಿಯುವುದಿಲ್ಲವೆಂದು ಮೊದಲು ಎಡಗೈ ಅದ್ದಿ ನೋಡಿದೆ. "ಇನ್ನೊಂದ ತಂಬಿಗಿ ಹಾಕ್ರಿ, ಸಂದ್ಯಾಗ ಐತಿ ಇನ್ನ. ಇಸ್ಸಿ, ಏನ್ ನಾತರಿ ಇದು!" ಇಬ್ಬರೂ ಮೂಗು ಸಿಂಡರಿಸಿಕೊಂಡು ತೊಳೆದೆವು. ಸುನಂದಾ ಕೂಸನ್ನು ಅರಿವೆಯಲ್ಲಿ ಸುತ್ತಿ ಒಯ್ದಳು.

ಬೀಗತಿ ಕೈ ತೊಳೆದುಕೊಂಡು ನೀರು ಜಾಡಿಸುತ್ತ ಒರೆಸಲು ಅತ್ತಿತ್ತ ನೋಡಿದರು. ಟವೆಲ್ ಕೂಸಿನ ಜೊತೆ ಹೋಗಿತ್ತು. ಎದುರಿಗೆ ನನ್ನ ಸೆರಗು ಇತ್ತು, ಹಿಡಿದುಕೊಂಡು ಒಂದು ಕೈ ಒರೆಸಿದರು. ಆಮೇಲೆ ಅವರಿಗೆ ಎಚ್ಚರವಾಯಿತು. ಸೆರಗು ಅವರ ಮುಷ್ಟಿಯಲ್ಲಿ ಹಾಗೇ ನಿಂತಿತು. ನಾನು ಜಗ್ಗಿಕೊಳ್ಳಲಿಲ್ಲ.

ಅವರು ಇನ್ನೊಂದು ಕೈಯನ್ನೂ ಒರೆಸಿಕೊಂಡರು.